ಕೊನೀ ಪುಟ ಹರದೈತ್ರಿ, ಮೇಡಮ್ಮಾರ

ಕನ್ನಡ ಪುಸ್ತಕಗಳಲ್ಲಿ ನನಗೆ ಇಷ್ಟವಾದ ಒಂದು ಪದ್ಧತಿ ಇದೆ. ಪ್ರಕಾಶಕರ ಹೆಸರು, ಬೆಲೆ, ಕಾಗದದ ವಿವರ ಇರುವ ಪುಟದಲ್ಲಿ ಎಷ್ಟೋ ಸಲ ಲೇಖಕರ ವಿಳಾಸ, ಮೊಬೈಲ್ ನಂಬರ್ ಎರಡೂ ಇರುತ್ತವೆ. ಡೆಮಿ 1/8, 70 ಜಿಎಸ್‌ಎಂ ಮ್ಯಾಪ್‌ಲಿಥೋ ಅಂತ ಬರೆದಿರುವ ಸಾಲಿನ ಆಸುಪಾಸಿನಲ್ಲೇ. ನನ್ನ ಎರಡನೇ ಕಾದಂಬರಿಯಲ್ಲೂ ನಂಬರ್ ಹಾಕಿಸಿದ್ದೆ. ಬೆಂಗಳೂರಿನ ಗೆಳತಿ "ಹುಚ್ಚಾ ನಿಂಗೆ? ಕಂಡಕಂಡವರೆಲ್ಲ ಫೋನ್ ಮಾಡ್ತಾರೆ" ಅಂದಳು. ಮಾಡಿದರು. ಇವತ್ತಿಗೂ ಮಾಡುತ್ತಾರೆ. ಓದುಗರ ಬಗ್ಗೆ ನನಗೆ ಗೊತ್ತಿರುವುದರಲ್ಲಿ ಮುಕ್ಕಾಲು ಪಾಲು ಆ ಫೋನಿನಿಂದ ಬಂದದ್ದು.

ಅದರಲ್ಲಿ ಕೊಪ್ಪಳದ ಕಡೆಯವರೊಬ್ಬರ ಫೋನ್ ಮರೆಯುವ ಹಾಗಿಲ್ಲ. ದನಿ ಕೇಳಿದರೆ ವಯಸ್ಸಾದವರು. "ಮೇಡಮ್ಮಾರ, ನಿಮ್ಮ ಕಾದಂಬರಿ ಓದೀನ್ರಿ. ಚಲೋ ಐತಿ. ಆದ್ರ ನನಗ ಬಂದ ಪುಸ್ತಕದಾಗ ಕೊನೀ ಪುಟ ಹರದೈತ್ರಿ. ಅಂಗಡಿಯಾಂವ ಬದಲಿ ಕೊಡೂದಿಲ್ಲ ಅಂತಾನ. ನೀವರ ಹೇಳ್ರಿ, ಆ ಹುಡುಗಿ ವಾಪಸ್ ಬಂದ್ಲೋ ಇಲ್ಲೋ?"

ಪುಟ ಹರಿದಿರಲಿಲ್ಲ. ಕಾದಂಬರಿ ಅಲ್ಲಿಗೇ ಮುಗಿಯುತ್ತದೆ. ಹಾಗಂತ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಹಂಗಾದ್ರ ನೀವ ಹರದೀರಿ ಅನ್ರಿ" ಅಂದರು.

ಅವರು ಹೇಳಿದ್ದು ನಿಜ. ಹೇಗೆ ಅಂತ ಹೇಳುವುದಕ್ಕೆ ಸ್ವಲ್ಪ ಹಿಂದೆ ಹೋಗಬೇಕು.

ನಾನು ಓದಲು ಕಲಿತದ್ದು ಅವ್ವ ಹೊಲಿದ ಪುಸ್ತಕಗಳಲ್ಲಿ. ನಮ್ಮದು ರಾಣೆಬೆನ್ನೂರಿನ ಹತ್ತಿರದ ಹಳ್ಳಿ. ಸುಧಾ, ತರಂಗ, ಕರ್ಮವೀರ ಮಾಸ್ತರರ ಮನೆಗೆ ಬರುತ್ತಿದ್ದವು, ಹಳತಾದ ಮೇಲೆ ನಮ್ಮ ಮನೆಗೆ. ಅವ್ವ ಅವುಗಳಲ್ಲಿನ ಧಾರಾವಾಹಿ ಪುಟಗಳನ್ನು ಬ್ಲೇಡಿನಿಂದ ಕತ್ತರಿಸಿ ತೆಗೆದಿಡುತ್ತಿದ್ದಳು. ಕಥೆ ಮುಗಿದ ಮೇಲೆ ದಬ್ಬಣದಿಂದ ತೂತು ಹಾಕಿ, ಚೀಲ ಹೊಲಿಯುವ ದಾರದಲ್ಲಿ ಹೊಲಿದು, ಹಳೇ ಕ್ಯಾಲೆಂಡರಿನ ದಪ್ಪ ಹಾಳೆಯನ್ನು ಮೈದಾ ಅಂಟಿನಿಂದ ಮೇಲೆ ಅಂಟಿಸುತ್ತಿದ್ದಳು. ಕರ್ನಾಟಕದಲ್ಲಿ ನನ್ನ ವಯಸ್ಸಿನ ಎಷ್ಟೋ ಜನರ ಮನೆಯಲ್ಲಿ ಇಂಥ ಪುಸ್ತಕಗಳಿದ್ದವು. ಆದರೆ ನಮ್ಮವಕ್ಕೆ ಒಂದು ವಿಶೇಷ ಇತ್ತು. ಕಂತುಗಳು ತಪ್ಪಿರುತ್ತಿದ್ದವು. ಯಾವುದೋ ವಾರದ ಸಂಚಿಕೆಯಲ್ಲಿ ಮಾಸ್ತರರ ಮನೆಯವರು ಮಂಡಕ್ಕಿ ಕಟ್ಟಿ ಯಾರಿಗೋ ಕೊಟ್ಟಿರುತ್ತಿದ್ದರು.

ಒಂದು ಕಂತಿನ ಕೊನೆಗೆ ನಾಯಕಿ ರೈಲು ಹತ್ತುತ್ತಾಳೆ. ಪುಟ ತಿರುಗಿಸಿದರೆ ಅವಳ ಕಂಕುಳಲ್ಲಿ ಮಗು! ನಡುವೆ ಏನಾಯಿತು ಅಂತ ಅವ್ವನನ್ನು ಕೇಳಿದರೆ "ನೀನ ಹೇಳು" ಅನ್ನುವಳು. ರಾತ್ರಿ ಅವಳು ರೊಟ್ಟಿ ಬಡಿಯುವಾಗ ನಾನು ಆ ತಪ್ಪಿದ ಕಂತು ಹೇಳಬೇಕು. ಮದುವೆ ಮಾಡಿಸದೆ ಮಗು ಹುಟ್ಟಿಸಿದರೆ ಅವ್ವ ಒಪ್ಪುತ್ತಿರಲಿಲ್ಲ. ಮದುವೆ ಗಡಿಬಿಡಿಯಲ್ಲಿ ಮುಗಿಸಿದರೂ ಒಪ್ಪುತ್ತಿರಲಿಲ್ಲ, ಬೀಗರು ಯಾರು, ಎಲ್ಲಿಯವರು ಅಂತ ಹೇಳಬೇಕು. ಅವಳಷ್ಟು ಕಟ್ಟುನಿಟ್ಟಿನ ಸಂಪಾದಕರು ನನಗೆ ಆಮೇಲೆ ಸಿಗಲಿಲ್ಲ.

ಆ ಪುಟಗಳ ಹಿಂಬದಿಯಲ್ಲಿ ಅರ್ಧ ವ್ಯಂಗ್ಯಚಿತ್ರ, ಮುಕ್ಕಾಲು ಅಡುಗೆ ವಿಧಾನ, ಕೂದಲೆಣ್ಣೆಯ ಜಾಹೀರಾತು ಇರುತ್ತಿದ್ದವು. ಅವನ್ನೂ ಓದುತ್ತಿದ್ದೆ. ಈಗಲೂ ನನಗೆ ಕಾದಂಬರಿ ಅಂದರೆ ಇಂಥ ಅಡ್ಡ ಬರುವ ಸಾಮಾನೂ ಇರಬೇಕು. ಬರೀ ಕಥೆಯೇ ತುಂಬಿದ್ದರೆ ಯಾಕೋ ಬೋಳು ಬೋಳು.

ಎರಡನೇ ಕಾದಂಬರಿ ಹುಟ್ಟಿದ್ದು ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ. ಬ್ಯಾಡಗಿ ಕಾಯಿಗೆ ಖಾರ ಕಡಿಮೆ, ಬಣ್ಣ ಜಾಸ್ತಿ. ಅದರ ಬೆಲೆ ಇರುವುದೇ ಬಣ್ಣದಲ್ಲಿ. ಉದ್ದಕ್ಕೆ ಸುಕ್ಕುಸುಕ್ಕಾಗಿರುವುದು ಕಡ್ಡಿ, ಗಿಡ್ಡಕ್ಕೆ ದುಂಡಗಿರುವುದು ಡಬ್ಬಿ. 2011ರಲ್ಲಿ ಜಿಐ ಟ್ಯಾಗ್, ಅಂದರೆ ಇದು ಈ ಸೀಮೆಯದೇ ಬೆಳೆ ಅನ್ನುವ ಗುರುತು, ಸಿಕ್ಕಿತು. ಕಾಯಿಯ ಕೆಂಪನ್ನು ಎಣ್ಣೆಯಾಗಿ ತೆಗೆದು ತಿನ್ನುವ ಪದಾರ್ಥಕ್ಕೂ ಹಾಕುತ್ತಾರೆ, ಲಿಪ್‌ಸ್ಟಿಕ್ಕಿಗೂ ಹಾಕುತ್ತಾರೆ. ಸೋಮವಾರ, ಗುರುವಾರ ವ್ಯಾಪಾರದ ದಿನ. ಸುಗ್ಗಿಯಲ್ಲಿ ಬಸ್ಸು ಊರೊಳಗೆ ಬರುತ್ತಿದ್ದಂತೆ ಒಬ್ಬರು ಸೀನುತ್ತಾರೆ, ಆಮೇಲೆ ಇಡೀ ಬಸ್ಸು ಸೀನುತ್ತದೆ. ಸೀನದೆ ಕೂತವರು ಊರಿನವರು ಅಂತ ತಿಳಿಯಬೇಕು.

ಇದೆಲ್ಲ ಪೇಪರಿನಲ್ಲೂ ಬರುತ್ತದೆ. ನನಗೆ ಬೇಕಾಗಿದ್ದವರು ಗೋದಾಮಿನೊಳಗೆ ತೊಟ್ಟು ಬಿಡಿಸುವ ಹೆಂಗಸರು. ಕಿಲೋ ಲೆಕ್ಕದಲ್ಲಿ ಕೂಲಿ. ಸೀರೆ ಮೇಲೆ ಗಂಡಸರ ಹಳೇ ಅಂಗಿ, ಮೂಗಿಗೆ ಸೆರಗು. ನೋಟ್‌ಬುಕ್ ಹಿಡಿದು ಹೋಗಿ ಕೂತೆ. ಯಾರೂ ಬಾಯಿ ಬಿಡಲಿಲ್ಲ. ಬ್ಯಾಂಕಿನವಳೋ, ಸಂಘದವಳೋ, ಯಾವುದೋ ಇಲಾಖೆಯವಳೋ ಅಂದುಕೊಂಡಿರಬೇಕು. ಕೊನೆಗೆ ಒಬ್ಬಾಕೆ, "ಸುಮ್ನ ಕುಂದ್ರಬ್ಯಾಡ್ರಿ ಅಕ್ಕಾರ, ಕೈ ಹಚ್ಚರಿ" ಅಂದಳು. ಹಚ್ಚಿದೆ. ಹೆಬ್ಬೆರಳಿನ ಉಗುರನ್ನು ತೊಟ್ಟಿನ ಬುಡಕ್ಕೆ ಒತ್ತಿ ಒಂಚೂರು ತಿರುವಬೇಕು. ಟಿಕ್ ಅಂತ ಬರುತ್ತದೆ. ಎಳೆದರೆ ಕೆಟ್ಟಿತು. ಕಾಯಿ ಸೀಳಿ ಬೀಜ ಉದುರುತ್ತದೆ, ತೂಕ ಹೋಗುತ್ತದೆ, ಪಕ್ಕದಾಕೆ ಒಂದು ನೋಟ ಹಾಕುತ್ತಾಳೆ. ಕೈ ಕೆಲಸಕ್ಕೆ ಬಿದ್ದ ಮೇಲೆ ಮಾತು ತಾನಾಗೇ ಶುರುವಾಯಿತು.

ಘಾಟು ಹತ್ತಿದ ಕೈಯಲ್ಲಿ ಬರೆದುಕೊಳ್ಳುವ ಹಾಗಿರಲಿಲ್ಲ. ವಾಪಸ್ ಬರುವಾಗ ಬಸ್ಸಿನಲ್ಲಿ ನೆನಪಿದ್ದಷ್ಟು ಗೀಚುತ್ತಿದ್ದೆ. ನೆನಪಿನಲ್ಲಿ ಉಳಿಯದೆ ಹೋದದ್ದು ಕಾದಂಬರಿಗೂ ಬೇಕಾಗಿರಲಿಲ್ಲ ಅಂತಲೇ ನನ್ನ ಲೆಕ್ಕ. ಪಿಎಚ್‌ಡಿ ಮಾಡುವವರು ಹೀಗೆ ಮಾಡಿದರೆ ಗೈಡ್ ಬೈಯುತ್ತಾರೆ. ನಮಗೆ ನಡೆಯುತ್ತದೆ.

ಬರೆಯುವ ದಿನಗಳಲ್ಲಿ ನಾನು ಬೇರೆ ಕಾದಂಬರಿ ಮುಟ್ಟುವುದಿಲ್ಲ. ಇನ್ನೊಬ್ಬರ ವಾಕ್ಯದ ಓಟ ಕೈಗೆ ಅಂಟಿಕೊಳ್ಳುತ್ತದೆ. ಪೇಪರಿನ ಪೇಟೆ ಧಾರಣೆ ಓದುತ್ತೇನೆ. ಮಲಗುವ ಮುಂಚೆ ಕಿಟೆಲ್ ನಿಘಂಟಿನ ಒಂದೋ ಎರಡೋ ಪುಟ. 1894ರಲ್ಲಿ ಬಂದ ಪುಸ್ತಕ, ಅದರಲ್ಲಿ ಅರ್ಥದ ಜೊತೆಗೆ ಗಾದೆಗಳೂ ಸಿಗುತ್ತವೆ. ಒಂದು ಗಾದೆ ಓದಿ ಅದನ್ನು ಯಾರು, ಯಾರಿಗೆ, ಯಾವ ಸಿಟ್ಟಿನಲ್ಲಿ ಹೇಳಿರಬಹುದು ಅಂತ ಯೋಚಿಸುತ್ತಾ ಮಲಗಿದರೆ ನಿದ್ದೆ ಚೆನ್ನಾಗಿ ಬರುತ್ತದೆ. ಕಾದಂಬರಿ ಬರೆಯಬೇಕು ಅಂತ ಬರುವ ಹುಡುಗರಿಗೆ ನಾನು ಹೇಳುವ ಉಪಾಯ ಇದೊಂದೇ.

ಬರೆಯುವುದು ಕೈಯಲ್ಲೇ, ಉದ್ದನೆಯ ಲೆಕ್ಕದ ಪುಸ್ತಕದಲ್ಲಿ. ಟೈಪ್ ಮಾಡಿದ್ದು ಹುಬ್ಬಳ್ಳಿಯ ಒಂದು ಡಿಟಿಪಿ ಅಂಗಡಿಯ ಹುಡುಗ. ಅವನ ಮುಖ್ಯ ವ್ಯಾಪಾರ ಲಗ್ನಪತ್ರಿಕೆ ಮತ್ತು ಬಾಡಿಗೆ ಕರಾರು. ಕಾದಂಬರಿ ನಡುನಡುವೆ. ನುಡಿ ಅನ್ನುವ ತಂತ್ರಾಂಶದಲ್ಲಿ ಟೈಪ್ ಮಾಡಿದ್ದನ್ನು ಯುನಿಕೋಡ್‌ಗೆ ತಿರುಗಿಸಿದಾಗ ಅರ್ಕಾವತ್ತುಗಳು ಒಂದಷ್ಟು ಎಗರಿ ಹೋದವು, ಕೆಲವು ಒತ್ತಕ್ಷರಗಳು ಪಕ್ಕದ ಮನೆ ಸೇರಿದವು. ಕರಡು ತಿದ್ದುವ ಆ ಸಂಕಟ ಕನ್ನಡದಲ್ಲಿ ಬರೆಯುವ ಎಲ್ಲರಿಗೂ ಗೊತ್ತು, ಅದನ್ನು ಇಲ್ಲಿ ಹಿಗ್ಗಿಸುವುದಿಲ್ಲ.

ಡಿಟಿಪಿ ಮಾಡುವವರು ಓದುವುದಿಲ್ಲ. ಓದಿದರೆ ಸ್ಪೀಡ್ ಹೋಗುತ್ತದೆ ಅಂತ ಅವನೇ ಹೇಳಿದ್ದ. ಹೀಗಿರುವಾಗ ಒಂದು ಸಂಜೆ ಅವನ ಫೋನ್. "ಮುಂದಿನ ಹಾಳಿ ಯಾವಾಗ ಕೊಡ್ತೀರಿ ಮೇಡಮ್?" ದುಡ್ಡಿಗೆ ಇರಬೇಕು ಅಂದುಕೊಂಡು ಗೂಗಲ್ ಪೇ ಮಾಡಲೇನಪ್ಪ ಅಂದೆ. "ರೊಕ್ಕ ಹಂಗಿರ್ಲಿ ಬಿಡ್ರಿ. ಆ ದಲಾಲಿ ಅಂಗಡಿಯಾಂವ ಆಕೀ ಲೆಕ್ಕದ ಚೀಟಿ ಹರದು ಒಗದಾನಲ್ರಿ. ಆಕೀ ಹಂತ್ಯಾಕ ಇನ್ನೊಂದು ಕಾಪಿ ಐತೇನು?"

ಇರಲಿಲ್ಲ. ಅಂಥದೊಂದು ಯೋಚನೆ ನನಗೆ ಹೊಳೆದೇ ಇರಲಿಲ್ಲ. ಅಂಗಡಿಗಳಲ್ಲಿ ಚೀಟಿ ಬರೆಯುವಾಗ ಕೆಳಗೆ ಕಾರ್ಬನ್ ಹಾಳೆ ಇಡುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಆ ರಾತ್ರಿ ಅದು ಕಾದಂಬರಿಯೊಳಗೆ ಬಂತು. ತೊಟ್ಟು ಬಿಡಿಸುವ ತಾಯಿಯ ಹತ್ತಿರ ಉಳಿದ ಆ ಕಾರ್ಬನ್ ಪ್ರತಿಯಿಂದಲೇ ಮಗಳಿಗೂ ಅಂಗಡಿಯವನಿಗೂ ಜಗಳ ಹತ್ತುತ್ತದೆ, ಮಗಳು ಬಸ್ಸು ಹತ್ತಿ ಹೋಗುತ್ತಾಳೆ. ವಿಮರ್ಶೆ ಬರೆದವರೊಬ್ಬರು ಇದನ್ನು ಕಥನ ತಂತ್ರ ಅಂತ ಹೊಗಳಿದರು. ಹೊಗಳಿಕೆಯನ್ನು ಡಿಟಿಪಿ ಅಂಗಡಿಗೆ ಫಾರ್ವರ್ಡ್ ಮಾಡಿದೆ. ಅವನು ಒಂದು ನಗೆಯ ಎಮೋಜಿ ಕಳಿಸಿದ.

ಈಗ ಹರಿದ ಪುಟದ ವಿಷಯ. ಪುಸ್ತಕ ಅಚ್ಚಾಗುವುದು ಫಾರಂ ಲೆಕ್ಕದಲ್ಲಿ. ಫಾರಂ ಅಂದರೆ ಅಚ್ಚು ಹಾಕಿ ಮಡಚುವ ಒಂದು ದೊಡ್ಡ ಹಾಳೆ, ಡೆಮಿ 1/8 ಅಳತೆಯಲ್ಲಿ 16 ಪುಟ. ಲೇಔಟ್ ಮುಗಿದಾಗ ನನ್ನ ಕಾದಂಬರಿ ಕೊನೆಯ ಫಾರಂನಲ್ಲಿ ಮೂರೇ ಪುಟ ಆಕ್ರಮಿಸಿತ್ತು. ಪ್ರಕಾಶಕರು ಮುಲಾಜಿಲ್ಲದ ಮನುಷ್ಯ. "ಮೂರು ಪುಟಕ್ಕೆ ಒಂದು ಫಾರಂ ಹಾಕೋಕೆ ಆಗಲ್ಲ. ಮೂರು ಪುಟ ಕಮ್ಮಿ ಮಾಡಿ, ಇಲ್ಲ ಇನ್ನೂ ಹದಿಮೂರು ಪುಟ ಬರೀರಿ" ಅಂದರು. ಸಾವಿರ ಪ್ರತಿ ಹಾಕುವುದೇ ಧೈರ್ಯದ ಕೆಲಸ, ಗ್ರಂಥಾಲಯ ಇಲಾಖೆಯ ಸಗಟು ಖರೀದಿಯಲ್ಲಿ ಆಯ್ಕೆಯಾದರೆ ಉಸಿರು ಬಿಡಬಹುದು ಅನ್ನುವ ವ್ಯಾಪಾರ ಇದು. ಅವರ ಮಾತಿನಲ್ಲಿ ತಪ್ಪೇನಿರಲಿಲ್ಲ.

ಅಲ್ಲಲ್ಲಿ ಒಂದೊಂದು ಸಾಲು ಕಿತ್ತು ಮೂರು ಪುಟ ಉಳಿಸಲು ನೋಡಿದೆ. ಪ್ರತಿ ಪುಟವೂ ಕುಂಟತೊಡಗಿತು. ಆಗ ಕಣ್ಣಿಗೆ ಬಿದ್ದದ್ದು ಕೊನೆಯ ಅಧ್ಯಾಯ. ಸರಿಯಾಗಿ ಮೂರು ಪುಟ. ಮಗಳು ಎಲ್ಲಿಗೆ ಹೋದಳು, ಏನಾದಳು, ತಾಯಿಗೆ ಹೇಗೆ ಸುದ್ದಿ ಬಂತು, ಎಲ್ಲ ಅದರಲ್ಲಿತ್ತು. ಅದನ್ನು ಬಿಟ್ಟು ಓದಿದೆ. ಈಗ ಕಾದಂಬರಿ ಮುಗಿಯುವುದು ಮರುದಿನ ಬೆಳಿಗ್ಗೆ ಗೋದಾಮಿನಲ್ಲಿ. ತಾಯಿ ತನ್ನ ಪಕ್ಕದಲ್ಲಿ ಮಗಳು ಕೂರುವ ಚೀಲ ಹಾಸುತ್ತಾಳೆ. ಮೇಸ್ತ್ರಿ ಬಂದು ಆ ಜಾಗಕ್ಕೆ ಬೇರೆಯವಳನ್ನು ಕೂರಿಸುತ್ತಾನೆ. ತಾಯಿ ಸ್ವಲ್ಪ ಸರಿದು ಕೂರುತ್ತಾಳೆ. ಅಷ್ಟೇ. ಓದಿ ಎದೆ ಧಸಕ್ ಅಂತು. ಪ್ರಕಾಶಕರಿಗೆ ಫೋನ್ ಮಾಡಿ ಕೊನೆಯ ಅಧ್ಯಾಯ ತೆಗೆಯಿರಿ ಅಂದೆ.

ವೇದಿಕೆಯ ಮೇಲೆ ಇದನ್ನು ತೆರೆದ ಅಂತ್ಯ, ಓದುಗರಿಗೆ ಬಿಟ್ಟ ಅವಕಾಶ ಅಂತೆಲ್ಲ ವಿವರಿಸಿದವರಿದ್ದಾರೆ. ನಾನು ಪಕ್ಕದಲ್ಲಿ ಕೂತು ತಲೆ ಆಡಿಸಿದ್ದೂ ಉಂಟು. ಅಸಲು ಕಾರಣ ಕಾಗದದ ರೇಟು.

ಆದರೆ ಓದುಗರು ಆ ಮೂರು ಪುಟವನ್ನು ಬಿಡಲೇ ಇಲ್ಲ. ಗದಗಿನ ಕಡೆಯ ಒಬ್ಬ ಹೆಣ್ಣುಮಗಳು ತಾನೇ ಒಂದು ಕೊನೆ ಬರೆದು ಅಂಚೆಯಲ್ಲಿ ಕಳಿಸಿದಳು. ಅದರಲ್ಲಿ ಮಗಳು ವಾಪಸ್ ಬಂದು ಸಂಘದ ಸಾಲ ತೆಗೆದು ಕಿರಾಣಿ ಅಂಗಡಿ ಹಾಕುತ್ತಾಳೆ. ಸಂಭಾಷಣೆ ಸಿನಿಮಾದ ಹಾಗಿತ್ತು. ಆದರೆ ಅಂಗಡಿಯ ಲೆಕ್ಕ ಪಕ್ಕಾ. ಬೆಲ್ಲ ಎಷ್ಟಕ್ಕೆ ತಂದಳು, ಎಷ್ಟಕ್ಕೆ ಮಾರಿದಳು, ಉದ್ರಿ ಯಾರದು ಎಷ್ಟು ಬಾಕಿ, ಎಲ್ಲ ಇತ್ತು. ಬರೆದವಳು ಅಂಗಡಿ ನಡೆಸಿದವಳೇ ಅಂತ ಓದಿದ ತಕ್ಷಣ ಗೊತ್ತಾಗುತ್ತದೆ. ಇನ್ನೊಬ್ಬರು, ನಿವೃತ್ತ ಕಂಡಕ್ಟರ್, ಆ ಹುಡುಗಿ ಹತ್ತಿದ ಬಸ್ಸು ಆ ಹೊತ್ತಿಗೆ ಹೊರಟರೆ ಕತ್ತಲಾಗುವ ಮುಂಚೆ ಹುಬ್ಬಳ್ಳಿ ಮುಟ್ಟುತ್ತದೆ, ಅಲ್ಲಿಂದ ರಾತ್ರಿ ಬಸ್ಸು ಬೇಕಾದಷ್ಟು ಇರುತ್ತವೆ, ಚಿಂತೆ ಮಾಡಬೇಡಿ ಅಂತ ನನಗೇ ಸಮಾಧಾನ ಹೇಳಿದರು. ಒಬ್ಬೊಬ್ಬರೂ ತಮಗೆ ಗೊತ್ತಿರುವ ದಾರಿಯಲ್ಲೇ ಅವಳನ್ನು ಹುಡುಕಿಕೊಂಡು ಹೋದರು. ನನ್ನ ಮೂರು ಪುಟದಲ್ಲಿ ಅವಳು ಹೋಗಿದ್ದದ್ದು ಒಂದೇ ಊರಿಗೆ.

ಓದುಗರನ್ನು ಗುಂಪಾಗಿ ನೋಡುವುದು ಬೇರೆಯೇ ಅನುಭವ. 2023ರ ಜನವರಿಯಲ್ಲಿ ಹಾವೇರಿಯಲ್ಲಿ 86ನೇ ಸಾಹಿತ್ಯ ಸಮ್ಮೇಳನ ನಡೆದಾಗ ಪ್ರಕಾಶಕರ ಮಳಿಗೆಯಲ್ಲಿ ಕೂತಿದ್ದೆ. ನಮ್ಮದೇ ಜಿಲ್ಲೆ, ನೆಂಟರಿಷ್ಟರು ಬರುತ್ತಾರೆ ಅಂತ ಅವರ ಆಸೆ. ಧೂಳು, ಮೈಕು, ಊಟದ ಕ್ಯೂ. ಜನ ಪುಸ್ತಕ ಎತ್ತಿಕೊಳ್ಳುತ್ತಾರೆ, ಮೊದಲು ತಿರುಗಿಸಿ ಬೆಲೆ ನೋಡುತ್ತಾರೆ, ಆಮೇಲೆ ಬೆನ್ನುಡಿ, ಆಮೇಲೆ ನಡುವಿನ ಯಾವುದೋ ಒಂದು ಪುಟ. ಆ ಪುಟ ಓದುವಾಗ ಅವರ ಮುಖ ನೋಡುವುದಿದೆಯಲ್ಲ, ಪರೀಕ್ಷೆಯ ರಿಸಲ್ಟ್ ಕಾಯುವುದೂ ಅಷ್ಟು ಕಷ್ಟ ಇರಲಿಲ್ಲ. ಒಬ್ಬರು ನನ್ನನ್ನು ಅಂಗಡಿಯವಳು ಅಂದುಕೊಂಡು "ಅಡುಗೆ ಪುಸ್ತಕ ಯಾವ ಕಡೆ?" ಅಂತ ಕೇಳಿದರು. ತೋರಿಸಿದೆ, ಡಿಸ್ಕೌಂಟೂ ಕೊಡಿಸಿದೆ. ಕನ್ನಡ ಕಾದಂಬರಿಯ ಹಿರಿಯರಾದ ಗಳಗನಾಥರು ಇದೇ ಸೀಮೆಯವರು. ತಮ್ಮ ಪುಸ್ತಕದ ಗಂಟು ತಲೆ ಮೇಲೆ ಹೊತ್ತು ಊರೂರು ತಿರುಗಿ ಮಾರಿದವರು. ಕುರ್ಚಿ, ಫ್ಯಾನು ಎರಡೂ ಇದ್ದ ಮಳಿಗೆಯಲ್ಲಿ ಕೂತು ನಾನು ಗೊಣಗುವ ಹಾಗಿರಲಿಲ್ಲ.

ಕಾಲೇಜುಗಳ ಸಂವಾದದ ಬಗ್ಗೆ ಜಾಸ್ತಿ ಹೇಳುವುದಿಲ್ಲ. "ಈ ಕಾದಂಬರಿಯ ಸಂದೇಶವೇನು?" ಅಂತ ಒಬ್ಬ ಹುಡುಗ ಚೀಟಿ ನೋಡಿಕೊಂಡು ಕೇಳುತ್ತಾನೆ. ಚೀಟಿ ಬರೆದುಕೊಟ್ಟ ಮೇಷ್ಟ್ರು ಹಿಂದಿನ ಸಾಲಿನಲ್ಲಿ ಕೂತಿರುತ್ತಾರೆ. 2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರಿಗೆ ಇಂಟರ್‌ನ್ಯಾಷನಲ್ ಬುಕರ್ ಬಂದ ಮೇಲೆ ಇನ್ನೊಂದು ಪ್ರಶ್ನೆ ಸೇರಿಕೊಂಡಿದೆ. ಮದುವೆ ಮನೆಗಳಲ್ಲಿ ಸೋದರಮಾವಂದಿರು ಕೇಳುತ್ತಾರೆ, "ನಿಂದ್ಯಾವಾಗವಾ?" ಖುಷಿಯ ಪ್ರಶ್ನೆಯೇ. ಮೊದಲು ಅವರು ಇನ್ನೂ ಯಾಕೆ ಬರೀತಿದೀಯ ಅಂತ ಕೇಳುತ್ತಿದ್ದರು.

ನಾನು ಯಾವತ್ತೂ ತಪ್ಪಿಸಿಕೊಳ್ಳದ ಕೂಟ ಅಂದರೆ ಹಳ್ಳಿಗಳದು. ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿಗೆ ಈಗ ಅರಿವು ಕೇಂದ್ರ ಅಂತ ಹೆಸರು. ಬ್ಯಾಡಗಿ ತಾಲೂಕಿನ ಒಂದು ಅರಿವು ಕೇಂದ್ರದಲ್ಲಿ ನನ್ನ ಕಾದಂಬರಿಯನ್ನು ಸಂಜೆ ಹೊತ್ತು ಗಟ್ಟಿಯಾಗಿ ಓದಿಸುತ್ತಿದ್ದಾರೆ ಅಂತ ಸುದ್ದಿ ಬಂತು. ಪಿಯುಸಿ ಓದುವ ಹುಡುಗಿ ಓದುವುದು, ಉಳಿದವರು ಕೇಳುವುದು. ನಮ್ಮ ಕಡೆ ಇದೇನು ಹೊಸದಲ್ಲ, ಶ್ರಾವಣದಲ್ಲಿ ಮಠದಲ್ಲಿ ಪುರಾಣ ಹಚ್ಚುವುದು ಹೀಗೇ. ಪುರಾಣಕ್ಕೆ ಮಂಗಲ ಇರುತ್ತದೆ, ನನ್ನದಕ್ಕೆ ಮಂಗಲವೇ ಇಲ್ಲ. ಓದಿ ಮುಗಿದ ಮೇಲೆ ನನ್ನನ್ನು ಕರೆದರು.

2024ರ ಮಾರ್ಚ್‌ನಲ್ಲಿ ಮೆಣಸಿನಕಾಯಿ ದರ ಬಿದ್ದು, ರೊಚ್ಚಿಗೆದ್ದ ರೈತರು ಬ್ಯಾಡಗಿ ಎಪಿಎಂಸಿ ಕಚೇರಿಗೆ ನುಗ್ಗಿ ವಾಹನಗಳಿಗೆ ಬೆಂಕಿ ಇಟ್ಟಿದ್ದರು. ಕೂಟ ನಡೆದದ್ದು ಅದಾದ ಮೇಲೆ. ಗಂಡಸರ ಮಾತೆಲ್ಲ ದರದ ಸುತ್ತಲೇ. ಒಬ್ಬ ರೈತರು ಎದ್ದು ನಿಂತು, "ನಿಮ್ಮ ಕಾದಂಬರ್ಯಾಗ ಬೆಳದಾಂವ ಎಲ್ಲಿದಾನ್ರಿ?" ಅಂದರು. ಕಥೆ ಗೋದಾಮಿನೊಳಗೆ ನಡೆಯುತ್ತದೆ, ರೈತ ಗೇಟಿನವರೆಗೆ ಬರುತ್ತಾನೆ ಅಂದೆ. "ಖರೇನೂ ಅಷ್ಟ ಐತಿ. ಗೇಟಿನ ತನಕಾನ ಬಿಡ್ತಾರ ನಮ್ಮನ್ನ" ಅಂತ ಹೇಳಿ ಕೂತರು. ನನ್ನ ಉತ್ತರಕ್ಕಿಂತ ಅವರ ಮಾತು ಗಟ್ಟಿಯಾಗಿತ್ತು.

ಹೆಂಗಸರು ಬಾಗಿಲ ಹತ್ತಿರ ಕೂತಿದ್ದರು. ತೊಟ್ಟು ಬಿಡಿಸುವ ಕೆಲಸದವರೇ ಜಾಸ್ತಿ. ಗಂಡಸರು ಒಬ್ಬೊಬ್ಬರಾಗಿ ಎದ್ದು ಹೋದ ಮೇಲೆ ಅವರ ಬಾಯಿ ಬಿಚ್ಚಿತು. ಮೇಸ್ತ್ರಿ ಹಾಗೇ ಇರುತ್ತಾನೆ, ಜಾಗ ಖಾಲಿ ಬಿಡುವುದಿಲ್ಲ, ಸರಿಯಾಗಿ ಬರೆದಿದ್ದೀರಿ ಅಂದರು. ಅಷ್ಟರಲ್ಲಿ ಒಬ್ಬ ಅಜ್ಜಿ, ಓದು ಬಾರದಾಕೆ, ಓದುವ ಹುಡುಗಿಯ ಕಡೆ ಕೈ ಮಾಡಿ ಹೇಳಿದರು: "ಈಕಿ ಓದೂ ಮುಂದ ಕೇಳೀನಿ. ಅವ್ವ ಮಗಳ ಹೋದದ್ದಕ್ಕ ಮನ್ಯಾಗ ಬಾಗಿಲ ಹಾಕ್ಕೊಂಡು ಅತ್ಲು ಅಂತ ಬರದೀರಿ. ಮನ್ಯಾಗ ಯಾಕ ಅಳ್ತಾಳ್ರಿ? ಮನ್ಯಾಗ ಅತ್ರ ಹತ್ತು ಮಂದಿ ಕೇಳ್ತಾರ. ಗೋದಾಮಿನ್ಯಾಗ ಬಂದು ಅಳ್ತಾಳ. ಮೆಣಸಿನಕಾಯಿ ಮುಂದ ಕುಂತು ಅಳೂದು ಬಾಳ ಸಲೀಸ. ಯಾರೂ ಯಾಕ ಅಂತ ಕೇಳಂಗಿಲ್ಲ."

ಉಳಿದವರು ಏನೂ ಅನ್ನಲಿಲ್ಲ. ಒಬ್ಬಾಕೆ ಮಾತ್ರ ಹೌದು ಅನ್ನುವ ಹಾಗೆ ಸೆರಗ ತುದಿಯಿಂದ ಮೂಗು ಒರೆಸಿಕೊಂಡಳು. ಅಜ್ಜಿ ಹೇಳಿದ ಹಾಗೆ ನಾನು ಬರೆಯಲು ಆಗುತ್ತಿರಲಿಲ್ಲ. ನಾನು ಅಲ್ಲಿ ಕೂತಿದ್ದಾಗಲೂ ಯಾರೋ ಹಾಗೆ ಅತ್ತಿರಬಹುದು. ನನಗೆ ಕಂಡದ್ದು ಘಾಟಿಗೆ ಬಂದ ಕಣ್ಣೀರು. ಅಳುವನ್ನು ಮುಚ್ಚಿಡುವುದೇ ಆ ಕಣ್ಣೀರಿನ ಉಪಯೋಗ ಅಲ್ವಾ?

ಈ ಮಾತನ್ನು ಇನ್ನೊಂದು ಪುಸ್ತಕದಲ್ಲಿ ಹಾಕಿಕೊಳ್ಳಲಾ ಅಂತ ಕೇಳಿದೆ. "ಹಾಕ್ಕೋರಿ. ನನ್ನ ಹೆಸರ ಬ್ಯಾಡ. ರೊಕ್ಕ ಎಷ್ಟ ಕೊಡ್ತೀರಿ?" ಅಂದರು ಅಜ್ಜಿ. ಎಲ್ಲರೂ ನಕ್ಕರು. ಪುಸ್ತಕ ಕೊಡ್ತೀನಿ ಅಂದೆ. "ಪುಸ್ತಕ ಇಲ್ಲೇ ಐತಲ್ಲ. ಚಾ ಕುಡಸ್ರಿ ಎಲ್ಲಾರಿಗೂ." ಕುಡಿಸಿದೆ. ಮಿರ್ಚಿ ಭಜಿಯನ್ನೂ ತರಿಸಿದ್ದೆ. ದಿನವಿಡೀ ಅದರ ಜೊತೆಗೇ ಇರೋರು, ಮತ್ತೆ ಅದನ್ನೇ ತಿನ್ನಸ್ತೀರಲ್ಲ ಅಂತ ಬೈಸಿಕೊಂಡೆ. ಪ್ಲೇಟು ಮಾತ್ರ ಖಾಲಿಯಾಯಿತು.

ಮೊನ್ನೆ ಪ್ರಕಾಶಕರು ಎರಡನೇ ಮುದ್ರಣದ ಮಾತೆತ್ತಿದರು. ಅಕ್ಷರ ಒಂಚೂರು ಚಿಕ್ಕದು ಮಾಡಿದರೆ ಆ ಮೂರು ಪುಟಕ್ಕೂ ಜಾಗ ಆಗುತ್ತದೆ, ಸೇರಿಸೋಣವಾ ಅಂದರು. ಬೇಡ ಅಂದೆ. ಅಳುವ ಜಾಗವನ್ನೂ ಬದಲಾಯಿಸಲಿಲ್ಲ. ಅಜ್ಜಿ ಹೇಳಿದ್ದು ಬೇರೆ ಹೆಂಗಸಿನ ಕಥೆ, ಅದಕ್ಕೆ ಬೇರೆ ಪುಸ್ತಕವೇ ಬೇಕು. ಅದು ಶುರುವಾಗಿದೆ, ಲೆಕ್ಕದ ಪುಸ್ತಕದಲ್ಲಿ ಅರ್ಧಕ್ಕೆ ಬಂದಿದೆ. ಡಿಟಿಪಿ ಹುಡುಗ ಮಾತ್ರ ಅಂಗಡಿ ಮುಚ್ಚಿ ಮೊಬೈಲ್ ರಿಪೇರಿಗೆ ಕೂತಿದ್ದಾನೆ. ಟೈಪ್ ಮಾಡಲು ಬೇರೆ ಯಾರನ್ನಾದರೂ ನೋಡಿಕೊಳ್ಳಿ, ಆದರೆ ಹಾಳೆ ಮೊದಲು ನನಗೇ ಕೊಡಿ ಅಂದಿದ್ದಾನೆ.